ದಾರ ಕತ್ತರಿಸುವ ಮೊದಲು

ಬಾಣಂತಿಯ ಮಣಿಕಟ್ಟಿನಲ್ಲಿ ಅಜ್ಜಿ ಕಟ್ಟಿದ ಅರಿಶಿನ ದಾರ. ಡ್ರಿಪ್ ಹಾಕಬೇಕು, ಕತ್ತರಿ ಟ್ರೇಯಲ್ಲೇ ಇದೆ. ಇನ್ನೊಂದು ಕೈಗೆ ಸೂಜಿ ಚುಚ್ಚಿದರಾಯ್ತಲ್ಲ!

ರೋಗಿಯ ನಂಬಿಕೆಗೆ ಮರ್ಯಾದೆ ಕೊಡುವುದು ನಮ್ಮ ಚಾಮರಾಜನಗರ ಜಿಲ್ಲೆಗೆ ಹೊಸ ಪಾಠವೇನಲ್ಲ. ಡಾ. ಎಚ್. ಸುದರ್ಶನ್ 1981ರಲ್ಲಿ ಬಿಳಿಗಿರಿರಂಗನ ಬೆಟ್ಟದಲ್ಲಿ ಕಟ್ಟಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ, ಸೋಲಿಗರ ಹೆಣ್ಣುಮಕ್ಕಳಿಗೇ ಶುಶ್ರೂಷೆಯ ತರಬೇತಿ ಕೊಟ್ಟಿತು. ಆ ಸಂಸ್ಥೆಯ ಕೆಲಸಗಳಲ್ಲಿ ನನಗೆ ಅತಿ ದೊಡ್ಡದೆನಿಸುವುದು ಇದೇ. ಪೋಡಿನ (ಸೋಲಿಗರ ಹಾಡಿಯ) ಮಾತು, ಬೇರು-ತೊಗಟೆಯ ಮದ್ದು ಬಲ್ಲವಳ ಮುಂದೆ ರೋಗಿಗೆ ಸಂಕೋಚವಿರಲ್ಲ.

ಗುಂಡ್ಲುಪೇಟೆ ಕಡೆಯ ಹಾಡಿಗಳಿಂದ ಬರುವವರನ್ನೂ ಗದರದೆ ಕೇಳಬೇಕು: "ನಾಟಿ ಔಸ್ತಿ ಏನಾರ ತಕ್ಕಂಡಿದ್ದೀರವ್ವಾ?" ಸಕ್ಕರೆ ಕಾಯಿಲೆಯ ಮಾತ್ರೆ ಜೊತೆಗೆ ಕೆಲವು ಕಷಾಯ ಸೇರಿದರೆ ಸಕ್ಕರೆ ತೀರಾ ಇಳಿದುಬಿಡಬಹುದು. ಬೈಗುಳಕ್ಕೆ ಹೆದರಿ ಅವರು ಬಾಯಿಬಿಡದಿದ್ದರೆ ಡಾಕ್ಟರಿಗೆ ಗೊತ್ತಾಗೋದಾದರೂ ಹೇಗೆ? ಕೇಳಿದ್ದನ್ನು ಕೇಸ್ ಶೀಟಿನಲ್ಲಿ ಬರೆದೂ ಇಡಬೇಕು.