ಬ್ಯಾಗನ್ನು ಎದೆಗೆ ಹಾಕಿಕೊಂಡವರು

ಮಳವಳ್ಳಿ ಬಸ್ ಸ್ಟ್ಯಾಂಡು, ಬೆಳಗಿನ ಏಳೂವರೆ. ಮದ್ದೂರಿನ ಬಸ್ಸು ಇನ್ನೂ ಒಳಗೆ ತಿರುಗಿಲ್ಲ. ಆದರೆ ಅದು ಎಲ್ಲಿ ನಿಲ್ಲುತ್ತದೆ, ಬಾಗಿಲು ಯಾವ ಜಾಗಕ್ಕೆ ಬರುತ್ತದೆ ಅನ್ನುವುದು ಇಲ್ಲಿ ದಿನಾ ಕಾಯುವ ಹುಡುಗಿಯರಿಗೆ ಗೊತ್ತು. ಅಲ್ಲೇ ಗುಂಪು ಸೇರಿದ್ದಾರೆ. ನೀವು ಟೀ ಅಂಗಡಿ ಪಕ್ಕ ಬಿಸಿ ಲೋಟ ಹಿಡಿದು ನಿಂತಿದ್ದೀರಿ. ಬಸ್ಸಿನ ಮೂತಿ ಕಾಣುತ್ತಲೇ, ಯಾರೂ ಯಾರಿಗೂ ಹೇಳದೆ, ಎಲ್ಲರ ಕೈಯೂ ಒಂದೇ ಕೆಲಸ ಮಾಡುತ್ತದೆ. ಬೆನ್ನ ಮೇಲಿದ್ದ ಬ್ಯಾಗು ಎದೆಗೆ ಬರುತ್ತದೆ. ಬೆರಳು ಭುಜದ ಹತ್ತಿರ ಹೋಗಿ ವೇಲ್‌ನ ಪಿನ್ನು ಗಟ್ಟಿಯಾಗಿದೆಯೇ ಎಂದು ಮುಟ್ಟಿ ನೋಡುತ್ತದೆ. ಆಮೇಲೆ ನೂಕುನುಗ್ಗಲು.

ಲೋಟ ಕೆಳಗಿಟ್ಟು ನೀವೂ ಹತ್ತಿ. ನಿಲ್ಲಲು ಸಿಕ್ಕ ಜಾಗದಲ್ಲಿ ನಿಲ್ಲಿ. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದ ಮೇಲೆ ಈ ಮಾರ್ಗದ ಬಸ್ಸಿನ ಬಣ್ಣವೇ ಬದಲಾಗಿದೆ. ಆಧಾರ್ ಕಾರ್ಡ್ ತೋರಿಸಿ ಶೂನ್ಯ ಟಿಕೆಟ್ ಪಡೆಯುವ ಕೈಗಳೇ ಹೆಚ್ಚು: ಕಾಲೇಜಿನವರು, ಗಾರ್ಮೆಂಟ್ಸಿನವರು, ಆಸ್ಪತ್ರೆಗೆ ಹೊರಟ ಅಜ್ಜಿಯರು. ನಿಮ್ಮ ಹಿಂದೆ ಒಬ್ಬ ಗೊಣಗುತ್ತಾನೆ, “ಫ್ರೀ ಮಾಡುದ್ಮ್ಯಾಲೆ ನಮ್ಗೆ ಕಾಲಿಡಕ್ಕೂ ಜಾಗ ಇಲ್ಲ ಕಣಪ್ಪ.” ಮುಂದಿನ ಸೀಟಿನ ಅಜ್ಜಿ ತಿರುಗಿಯೂ ನೋಡದೆ, “ನಿನ್ನೆಂಡ್ತೀನೂ ಬತ್ತಾಳಲ್ಲ, ಮೊದ್ಲು ಅವ್ಳ್ನ ಇಳುಸು ಹೋಗು” ಅನ್ನುತ್ತಾಳೆ. ಬಸ್ಸಿಗೆ ಬಸ್ಸೇ ನಗುತ್ತದೆ.

ಬಸ್ಸು ಅನಂತರಾಂ ವೃತ್ತ ದಾಟಿ ಊರ ಹೊರಗೆ ಬರುತ್ತದೆ. ಈ ಊರಿನಲ್ಲಿ 2022ರ ಅಕ್ಟೋಬರ್‌ನಲ್ಲಿ ಹತ್ತು ವರ್ಷದ ಹುಡುಗಿಯೊಬ್ಬಳು ಟ್ಯೂಷನ್‌ಗೆಂದು ಹೋಗಿ ವಾಪಸ್ ಬರಲಿಲ್ಲ. ಅತ್ಯಾಚಾರ ಮಾಡಿ ಕೊಂದ ಆರೋಪದಲ್ಲಿ ಸಿಕ್ಕಿಬಿದ್ದವನು ಆ ಟ್ಯೂಷನ್ ನಡೆಸುತ್ತಿದ್ದ ಜಾಗದವನೇ. ಊರು ಬೀದಿಗಿಳಿಯಿತು. ಹೆಣ್ಣುಮಕ್ಕಳು ಸರಿಯಾಗಿ ಬಟ್ಟೆ ಹಾಕಿದರೆ ಇವೆಲ್ಲ ಆಗುವುದಿಲ್ಲ ಎಂದು ಹೇಳುವವರು ಆ ಮಗುವಿನ ಎದುರು ಏನು ಹೇಳುತ್ತಾರೋ ನನಗೆ ತಿಳಿಯದು. ಹೇಳುವುದನ್ನಂತೂ ಅವರು ನಿಲ್ಲಿಸಿಲ್ಲ.

ಕಿಟಕಿಯಾಚೆ ಕಬ್ಬಿನ ಗದ್ದೆ. ಸೋಗೆ ತರಿಯುವ ಹೆಂಗಸರು ಸೀರೆಯ ಮೇಲೆ ಗಂಡನ ತುಂಬುತೋಳಿನ ಶರ್ಟು ತೊಟ್ಟಿದ್ದಾರೆ, ತಲೆಗೆ ಟವೆಲ್ಲು. ಕಬ್ಬಿನ ಎಲೆಯಂಚು ಚರ್ಮ ಕೊಯ್ಯುತ್ತದೆ, ಅದಕ್ಕೆ. ಮಂಡ್ಯ ಜಿಲ್ಲೆಯಲ್ಲಿ ಹೆಂಗಸು ಗಂಡಸಿನ ಶರ್ಟು ಹಾಕುವುದು ಇಂದು ನಿನ್ನೆಯದಲ್ಲ, ಗದ್ದೆಯಲ್ಲಿ ಅದನ್ನು ಯಾರೂ ಕೇಳಿಲ್ಲ. ಅವಳ ಮಗಳು ಅದೇ ಥರದ ಶರ್ಟನ್ನು ಜೀನ್ಸ್ ಮೇಲೆ ಹಾಕಿಕೊಂಡು ಬಸ್ ಸ್ಟಾಪಿಗೆ ಬರಲಿ. ಅರಳಿಕಟ್ಟೆಯ ಮೇಲೆ ಕೂತವರಿಗೆ ಸಂಸ್ಕೃತಿ ನೆನಪಾಗುತ್ತದೆ. ಇನ್ನು ನೈಟಿ. ಹಾಲಿನ ಡೇರಿಗೆ, ನಲ್ಲಿಗೆ, ಅಂಗಡಿಗೆ ಹೋಗುವಾಗ ಅದರ ಮೇಲೊಂದು ಟವೆಲ್ ಹೊದ್ದರೆ ಮರ್ಯಾದೆ ಉಳಿದ ಹಾಗೆ. 2018ರಲ್ಲಿ ಆಂಧ್ರದ ತೋಕಲಪಲ್ಲಿ ಎಂಬ ಹಳ್ಳಿಯಲ್ಲಿ ಹಗಲು ಹೊತ್ತು ನೈಟಿ ಹಾಕಿ ಹೊರಬಂದರೆ 2,000 ರೂಪಾಯಿ ದಂಡ ಎಂದು ಊರ ಹಿರಿಯರು ಕಟ್ಟುಪಾಡು ಮಾಡಿದ್ದರು. ನಮ್ಮ ಕಡೆ ದಂಡವಿಲ್ಲ. ಕಣ್ಣಲ್ಲೇ ವಸೂಲಿ.

ಕೆ.ಎಂ. ದೊಡ್ಡಿ ಹತ್ತಿರ ಬರುತ್ತಿದೆ. ಸಕ್ಕರೆ ಕಾರ್ಖಾನೆಯ ಕಾಕಂಬಿ ವಾಸನೆ ಕಿಟಕಿಯಲ್ಲಿ ನುಗ್ಗುತ್ತದೆ. ಎದುರು ಕಬ್ಬಿನ ಟ್ರ್ಯಾಕ್ಟರುಗಳ ಸಾಲು. ಡ್ರೈವರ್ ಬ್ರೇಕ್ ಒತ್ತುತ್ತಲೇ ಇದ್ದಾನೆ. ಈಗ ನಿಮ್ಮಿಂದ ಎರಡು ಮಾರು ಮುಂದೆ ನಿಂತ ಹುಡುಗಿಯನ್ನು ನೋಡಿ. ಕಾಲೇಜು ಯೂನಿಫಾರಂ, ಅಂದರೆ ಚೂಡಿದಾರ್. ಎರಡೂ ಭುಜಕ್ಕೆ ಪಿನ್ನು ಮಾಡಿದ ವೇಲ್, ಎಣ್ಣೆ ಹಚ್ಚಿ ಹೆಣೆದ ಜಡೆ, ಎದೆಗೆ ಬ್ಯಾಗು. ಮುಂದುಗಡೆ ಮುಚ್ಚಿಕೊಳ್ಳಲು ಇನ್ನೇನೂ ಉಳಿದಿಲ್ಲ. ಅವಳ ಹಿಂದೆ ನಿಂತವನು ಬ್ರೇಕ್ ಹಾಕಿದಾಗ ವಾಲುತ್ತಾನೆ. ಬ್ರೇಕ್ ಹಾಕದಾಗಲೂ ವಾಲುತ್ತಾನೆ. ಅವಳು ಅರ್ಧ ಹೆಜ್ಜೆ ಮುಂದೆ ಸರಿಯುತ್ತಾಳೆ, ಅವನೂ ಅರ್ಧ ಹೆಜ್ಜೆ. ಕಂಬಿ ಹಿಡಿದ ಅವಳ ಬೆರಳ ಗೆಣ್ಣು ಬೆಳ್ಳಗಾಗಿದೆ. ಸುತ್ತ ನಿಂತವರಿಗೆ ಕಾಣುತ್ತಿದೆಯೇ? ನಿಮಗೆ ಕಾಣುತ್ತಿದೆಯಲ್ಲ, ಅವರಿಗೂ ಕಾಣುತ್ತದೆ. ಒಬ್ಬ ಮೊಬೈಲು ತೆಗೆದ. ಇನ್ನೊಬ್ಬನಿಗೆ ಕಿಟಕಿಯಾಚೆ ಏನೋ ಕಂಡಿತು.

“ಅಣ್ಣಾ, ವಸಿ ಹಿಂದುಕ್ ನಿಂತ್ಕಳಿ.”

ದನಿ ಸಣ್ಣದು, ಆದರೆ ಬಸ್ಸಿಗೆ ಕೇಳುವಷ್ಟು. ಅವನಿಗೆ ಸಿಟ್ಟು. “ಬಸ್ಸಂದ್ಮ್ಯಾಲೆ ತಗುಲ್ದೆ ಇದ್ದದಾ? ಅಷ್ಟು ಮಡಿ ಇರೋರು ಕಾರ್ ಮಾಡ್ಕ ಬರ್ಬೇಕು.” ಅಷ್ಟಕ್ಕೇ ನಿಲ್ಲದೆ, “ಮೈಗಂಟೋ ಹಂಗೆ ಹೊಲ್ಸ್ಕಳದು, ಆಮೇಲ್ ನಮ್ಮೇಲ್ ಹೇಳದು” ಎಂದು ಪಕ್ಕದವನ ಕಡೆ ನೋಡುತ್ತಾನೆ. ಯೂನಿಫಾರಮ್ಮಿನ ಬಟ್ಟೆ, ಬಣ್ಣ ಗೊತ್ತುಮಾಡಿದ್ದು ಕಾಲೇಜು. ಹೊಲಿದವನು ಊರ ಟೈಲರ್. ಅಳತೆ ಕೊಡಿಸುವಾಗ “ಇನ್ನೊಂಚೂರು ಸಡ್ಲ ಇರ್ಲಿ” ಎಂದು ಪಕ್ಕದಲ್ಲಿ ನಿಂತವಳು ಅವಳಮ್ಮನೇ ಇರಬೇಕು. ಪಕ್ಕದವನು ನಗಲೂ ಇಲ್ಲ, ಬೈಯಲೂ ಇಲ್ಲ. ಅಜ್ಜಿ ಮಾತ್ರ ಸೀಟಿನಿಂದಲೇ ಕೈ ಚಾಚಿ, “ಬಾವ್ವ ಇಲ್ಲಿ, ನನ್ ಕಾಲತ್ರ ನಿಂತ್ಕೊ” ಎಂದು ಎಳೆದುಕೊಂಡು, ತನ್ನ ಸೊಪ್ಪಿನ ಕುಕ್ಕೆಯನ್ನು ಹುಡುಗಿಗೂ ಅವನಿಗೂ ನಡುವೆ ಇಟ್ಟಳು. ಕುಕ್ಕೆ ತುಳಿಯುವ ಧೈರ್ಯ ಅವನಿಗೆ ಬರಲಿಲ್ಲ.

ಮದ್ದೂರು. ಇಲ್ಲಿ ಅರ್ಧ ಬಸ್ಸು ಖಾಲಿ. ವಡೆಯ ವಾಸನೆ ಬರುತ್ತದೆ. ತಿನ್ನಬೇಕೆನಿಸಿದರೆ ತಿನ್ನಿ, ಬಿಸಿಯಿದ್ದರೆ ಮಾತ್ರ. ಇಳಿದ ಹೆಂಗಸರ ದೊಡ್ಡ ಪಾಲು ಗಾರ್ಮೆಂಟ್ಸಿನ ಕಡೆ ಹೊರಡುತ್ತದೆ. ಮದ್ದೂರಿನ ಸುತ್ತಮುತ್ತ, ಸೋಮನಹಳ್ಳಿ, ಗೆಜ್ಜಲಗೆರೆಗಳ ಕಡೆ ಹೊಲಿಗೆ ಮೆಷಿನ್ನಿನ ಸಾಲುಗಳು ಈ ಹೆಂಗಸರಿಗಾಗಿ ಕಾದಿವೆ. ಗೇಟು ಮುಚ್ಚುವ ಮೊದಲು ಒಳಗಿರಬೇಕು, ಆದ್ದರಿಂದ ಓಡುನಡಿಗೆ. ಕೈಯಲ್ಲಿ ಊಟದ ಡಬ್ಬಿಯ ಬುಟ್ಟಿ.

ಅವರ ಜೊತೆ ನಾಲ್ಕು ಹೆಜ್ಜೆ ಹಾಕಿ, ಮಾತು ಕೇಳಿ. ಒಬ್ಬಳ ಲೈನಿನಲ್ಲಿ ಈಗ ಶಾರ್ಟ್ಸ್ ನಡೆಯುತ್ತಿದೆಯಂತೆ, ಯಾವುದೋ ದೇಶದ ಬೇಸಗೆಗೆ. ಇನ್ನೊಬ್ಬಳು ತೋಳಿಲ್ಲದ ಟಾಪಿಗೆ ಕತ್ತಿನ ಪಟ್ಟಿ ಕೂರಿಸುತ್ತಾಳೆ. “ನಾವ್ ಹೊಲಿಯೋದ್ನ ನಮ್ ಮಕ್ಳು ಹಾಕುದ್ರೆ ನಮ್ಮೋರು ಕಡ್ದಾಕ್ಬುಡ್ತಾರೆ” ಎಂದು ನಗುತ್ತಾಳೆ. ಆಕೆ ಉಟ್ಟಿರುವುದು ಹೂವಿನ ಸಿಂಥೆಟಿಕ್ ಸೀರೆ, ಸೆರಗು ಸುತ್ತಿ ಸೊಂಟಕ್ಕೆ ಸಿಕ್ಕಿಸಿದ್ದಾಳೆ. ಅಷ್ಟಿದ್ದರೂ ರಸ್ತೆಬದಿ ಬೈಕಿನ ಮೇಲೆ ಕಾಲಾಡಿಸುತ್ತ ಕೂತ ಹುಡುಗನೊಬ್ಬ “ಗಾರ್ಮೆಂಟ್ಸ್ ಮಾಲು” ಅನ್ನುತ್ತಾನೆ. ಅವಳ ಸೀರೆಯಲ್ಲಿ ಅವನಿಗೆ ತೊಂದರೆಯಿಲ್ಲ. ತಿಂಗಳ ಸಂಬಳ ತಂದು ಮನೆಗೆ ಹಾಕುವ ಹೆಂಗಸು ಒಬ್ಬಳೇ ನಡುರಸ್ತೆಯಲ್ಲಿ ನಡೆಯುವುದು ಅವನಿಗೆ ಸಹಿಸಲಾಗದು. ಅವಳು ಕೇಳಿಸಿಕೊಂಡಳು, ನಿಲ್ಲಲಿಲ್ಲ. ನಿಂತರೆ ಗೇಟು ಮುಚ್ಚುತ್ತದೆ.

ಮದ್ದೂರಿನಿಂದ ಮಂಡ್ಯಕ್ಕೆ ಇಪ್ಪತ್ತು ಕಿಲೋಮೀಟರಿನಷ್ಟು. ಮಂಡ್ಯದಲ್ಲಿ ಇಳಿದು ನೇರ ಪಿ.ಇ.ಎಸ್. ಕಾಲೇಜಿನ ಆವರಣಕ್ಕೆ ಬನ್ನಿ. ಇಂದು ಇಲ್ಲಿ ಏನೂ ಇಲ್ಲ. ಹುಡುಗರು ಬೈಕು ನಿಲ್ಲಿಸುತ್ತಿದ್ದಾರೆ, ಹುಡುಗಿಯರು ನೋಟ್ಸ್ ಬದಲಾಯಿಸಿಕೊಳ್ಳುತ್ತಿದ್ದಾರೆ. 2022ರ ಫೆಬ್ರವರಿ 8ಕ್ಕೆ ಹಿಂದೆ ಸರಿಯಿರಿ. ಅಂದೂ ಬೆಳಗಿನ ಹೊತ್ತು. ಮೂರು ದಿನದ ಹಿಂದಷ್ಟೇ, ಫೆಬ್ರವರಿ 5ರಂದು, ಸಮವಸ್ತ್ರದ ಬಗ್ಗೆ ಸರ್ಕಾರ ಆದೇಶ ಹೊರಡಿಸಿದೆ. ಉಡುಪಿಯಲ್ಲಿ ಹೊತ್ತಿದ ಹಿಜಾಬಿನ ಜಗಳ ಇಲ್ಲಿಗೂ ಬಂದಿದೆ. ಬಿ.ಕಾಂ. ಓದುವ ಹುಡುಗಿಯೊಬ್ಬಳು ಸ್ಕೂಟರಿನಲ್ಲಿ ಬಂದಳು. ಅಸೈನ್‌ಮೆಂಟ್ ಕೊಡಬೇಕಿತ್ತು. ಕಪ್ಪು ಬುರ್ಖಾ, ಕೋವಿಡ್ ಕಾಲದ ಮಾಸ್ಕು, ಕಣ್ಣೊಂದು ಕಾಣುತ್ತದೆ. ಸ್ಕೂಟರ್ ನಿಲ್ಲಿಸಿ ಕಟ್ಟಡದ ಕಡೆ ನಡೆಯತೊಡಗಿದಳು. ಕೇಸರಿ ಶಾಲಿನ ಗಂಡುಹುಡುಗರ ಗುಂಪು ಶಾಲು ಬೀಸುತ್ತ, ಜೈ ಶ್ರೀರಾಮ್ ಕೂಗುತ್ತ ಅವಳ ಬೆನ್ನು ಹತ್ತಿತು. ಅವಳು ತಿರುಗಿ, ಕೈ ಎತ್ತಿ, ಅಲ್ಲಾಹು ಅಕ್ಬರ್ ಎಂದಳು. ಕಾಲೇಜಿನ ಸಿಬ್ಬಂದಿ ನಡುವೆ ಬಂದು ಅವಳನ್ನು ಒಳಗೆ ಕರೆದುಕೊಂಡು ಹೋದರು.

ಸಂಜೆಯೊಳಗೆ ಆ ಕೆಲವು ಕ್ಷಣದ ವಿಡಿಯೊ ಲೋಕವನ್ನೆಲ್ಲ ಸುತ್ತಿತು. ಅದೇ ದಿನ ರಾಜ್ಯದ ಹೈಸ್ಕೂಲು, ಕಾಲೇಜುಗಳಿಗೆ ಮೂರು ದಿನ ರಜೆ ಘೋಷಣೆಯಾಯಿತು. ಸಂಘಟನೆಯೊಂದು ಅವಳಿಗೆ 5 ಲಕ್ಷ ರೂಪಾಯಿ ಬಹುಮಾನ ಎಂದಿತು. ಏಪ್ರಿಲ್‌ನಲ್ಲಿ, ಎಲ್ಲೋ ಅಡಗಿ ಕೂತಿದ್ದ ಅಲ್ ಖೈದಾದ ಜವಾಹಿರಿ ಕೂಡ ಅವಳನ್ನು ಹೊಗಳಿ ವಿಡಿಯೊ ಬಿಟ್ಟ; ಅವನಿಗೂ ನಮಗೂ ಸಂಬಂಧವಿಲ್ಲ ಎಂದು ಹುಡುಗಿಯ ತಂದೆ ಹೇಳಬೇಕಾಯಿತು. ಮಾರ್ಚ್ 15ರಂದು ಹೈಕೋರ್ಟು ಸರ್ಕಾರದ ಆದೇಶ ಎತ್ತಿಹಿಡಿಯಿತು, ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಒಂದಕ್ಕೊಂದು ಒಪ್ಪದ ಎರಡು ತೀರ್ಪು ಕೊಟ್ಟರು. ತರಗತಿಯಲ್ಲಿ ಹಿಜಾಬ್ ಇರಬೇಕೇ ಬೇಡವೇ ಎಂಬುದಕ್ಕೆ ಎರಡೂ ಕಡೆ ಮಾತಿದೆ, ಇರಲಿ. ಆದರೆ ಅಂದು ಆವರಣದಲ್ಲಿ ನಡೆದದ್ದನ್ನು ಆ ವಾದದಿಂದ ಬಿಡಿಸಿ ನೋಡಿ: ಒಬ್ಬಳು ಹುಡುಗಿ, ಅವಳ ಬಟ್ಟೆ ತಮಗೆ ಒಪ್ಪಿಗೆಯಿಲ್ಲ ಎಂದು ಅಟ್ಟಿಕೊಂಡು ಬಂದ ಗಂಡುಗುಂಪು. ಬಸ್ಸಿನಲ್ಲಿ ಕಂಡದ್ದಕ್ಕೂ ಇದಕ್ಕೂ ನನಗೆ ದೂರ ಕಾಣುವುದಿಲ್ಲ. ಇಲ್ಲಿ ಕೈಯ ಬದಲು ಘೋಷಣೆ, ಅಷ್ಟೆ.

ಇದೇ ಗುಂಪನ್ನು ಬೇರೆ ಊರಿನಲ್ಲಿ ನಿಲ್ಲಿಸಿ ನೋಡಬಹುದು. 2014ರ ನವೆಂಬರ್‌ನಲ್ಲಿ ಕೀನ್ಯಾದ ನೈರೋಬಿಯ ಬಸ್ ನಿಲ್ದಾಣದಲ್ಲಿ ಗಿಡ್ಡ ಸ್ಕರ್ಟ್ ತೊಟ್ಟಿದ್ದ ಹೆಂಗಸೊಬ್ಬಳನ್ನು ಗಂಡಸರು ಸುತ್ತುವರಿದರು. ಮರ್ಯಾದೆಯಿಲ್ಲದ ಬಟ್ಟೆ ಎಂದು ಮೈಮೇಲಿದ್ದ ಬಟ್ಟೆಯನ್ನೇ ಕಿತ್ತುಹಾಕಿದರು. ನವೆಂಬರ್ 17ರಂದು ನೈರೋಬಿಯ ಹೆಂಗಸರು “ಮೈ ಡ್ರೆಸ್ ಮೈ ಚಾಯ್ಸ್” ಎಂದು ಬೀದಿಗಿಳಿದರು, ಕೆಲವರು ಬೇಕೆಂದೇ ಮಿನಿ ಸ್ಕರ್ಟ್ ತೊಟ್ಟು ಬಂದರು. ಅದಕ್ಕೂ ಮುಂಚೆ, 2012ರ ಜನವರಿಯಲ್ಲಿ, ಮಲಾವಿ ದೇಶದಲ್ಲಿ ಬೀದಿ ವ್ಯಾಪಾರಿಗಳು ಪ್ಯಾಂಟು ಹಾಕಿದ ಹೆಂಗಸರನ್ನು ಹಿಡಿದು ಬಟ್ಟೆ ಬಿಚ್ಚಿದ್ದರು. ಹೆಂಗಸರು ಪ್ಯಾಂಟು ಹಾಕಬಾರದೆಂಬ ಕಾನೂನು ಅಲ್ಲಿ ಹಿಂದೆ ನಿಜಕ್ಕೂ ಇತ್ತು. 1990ರ ದಶಕದಲ್ಲೇ ರದ್ದಾಗಿತ್ತು. ಪುಸ್ತಕದಿಂದ ಹೋದ ಕಾನೂನನ್ನು ಬೀದಿಯವರು ತಮ್ಮ ಕೈಯಲ್ಲಿ ಇಟ್ಟುಕೊಂಡಿದ್ದರು. ನೈರೋಬಿಯವಳ ಮೈಮೇಲೆ ಬಟ್ಟೆ ಕಡಿಮೆಯಾಯಿತು, ಮಂಡ್ಯದವಳ ಮೈಮೇಲೆ ಹೆಚ್ಚಾಯಿತು.

ನಮ್ಮ ಪುಸ್ತಕದಲ್ಲಿ ಏನಿದೆ? 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 75ನೇ ಕಲಮು ಲೈಂಗಿಕ ಕಿರುಕುಳದ್ದು, 78ನೆಯದು ಬೆನ್ನು ಹತ್ತುವುದು, 79ನೆಯದು ಹೆಣ್ಣಿನ ಮಾನಕ್ಕೆ ಕುಂದು ತರುವ ಮಾತು, ಸನ್ನೆ. ಮೂರರಲ್ಲೂ ಮೂರು ವರ್ಷದವರೆಗೆ ಶಿಕ್ಷೆಗೆ ಅವಕಾಶವಿದೆ. ಅವಳು ಏನು ತೊಟ್ಟಿದ್ದಳು ಎಂಬ ಪ್ರಶ್ನೆ ಒಂದರಲ್ಲೂ ಇಲ್ಲ. ಆದರೂ ಕಾಯ್ದೆಯಲ್ಲಿಲ್ಲದ್ದು ಕೋರ್ಟಿನೊಳಕ್ಕೆ ನುಸುಳಿದ್ದುಂಟು: 2022ರಲ್ಲಿ ಕೋಯಿಕ್ಕೋಡಿನ ಸೆಷನ್ಸ್ ಕೋರ್ಟು, ದೂರು ಕೊಟ್ಟವಳ ಉಡುಪು ಪ್ರಚೋದಿಸುವಂತಿತ್ತು ಎಂದು ಜಾಮೀನು ಆದೇಶದಲ್ಲೇ ಬರೆಯಿತು. ಕೇರಳ ಹೈಕೋರ್ಟು ಆ ಮಾತನ್ನು ತೆಗೆದುಹಾಕಬೇಕಾಯಿತು. ಬೆಂಗಳೂರಿನಲ್ಲಿ ಜಸ್ಮೀನ್ ಪಥೇಜಾ 2003ರಲ್ಲಿ ಶುರುಮಾಡಿದ ಬ್ಲಾಂಕ್ ನಾಯ್ಸ್ ಎಂಬ ಬಳಗ, ಕಿರುಕುಳಕ್ಕೆ ಸಿಕ್ಕ ದಿನ ತೊಟ್ಟಿದ್ದ ಬಟ್ಟೆಯನ್ನು ತಂದುಕೊಡಿ ಎಂದು ಹೆಂಗಸರನ್ನು ಕೇಳುತ್ತ ಬಂದಿದೆ. ಮಳವಳ್ಳಿ ಬಸ್ಸಿನವರು ಕೊಡುವುದಾದರೆ ಆ ರಾಶಿಯಲ್ಲಿ ಚೂಡಿದಾರ್ ಯೂನಿಫಾರಮ್ಮುಗಳೇ ತುಂಬಿಹೋದಾವು.

ಸಂಜೆ ಐದಾಗುತ್ತ ಬಂತು. ಮಂಡ್ಯ ಬಸ್ ಸ್ಟ್ಯಾಂಡಿಗೆ ನಡೆಯಿರಿ. ಬೆಳಗಿನ ಹುಡುಗಿ ಇಲ್ಲಿದ್ದಾಳೆ, ಜೊತೆಗೆ ಇಬ್ಬರು ಗೆಳತಿಯರು, ನಡುವೆ ಒಂದು ಪೊಟ್ಟಣ ಚುರುಮುರಿ. ಅವರು ಮಾತಾಡುತ್ತಿರುವುದು ಬೆಳಗಿನವನ ಬಗ್ಗೆಯೇ. ಅವನು ಇದೇ ಮೊದಲ ಸಲ ಅಲ್ಲವಂತೆ.

“112ಕ್ಕೆ ಫೋನ್ ಮಾಡ್ಬುಡಣ ಕಣೆ.”

“ಮಾಡುದ್ರೆ ಹೆಸ್ರು ಕೇಳ್ತಾರೆ, ಊರ್ ಕೇಳ್ತಾರೆ. ಮನೆಗ್ ಗೊತ್ತಾಯ್ತದೆ.”

“ಗೊತ್ತಾಗ್ಲಿ ಬುಡು.”

“ನಿಂಗೇನು. ನಮ್ಮಪ್ಪಂಗೆ ಗೊತ್ತಾದ್ರೆ ನಾಳೆಯಿಂದ ಕಾಲೇಜ್ ಬ್ಯಾಡ ಅಂತದೆ. ಅಣ್ಣಂಗ್ ಹೇಳುದ್ರೆ ಹೊಡ್ದಾಟ. ಆಮೇಲ್ ಊರೋರೆಲ್ಲ, ಇವ್ಳೇನ್ ಮಾಡುದ್ಲೋ ಅಂತಾರೆ.”

ಮೂರನೆಯವಳು ಇಷ್ಟು ಹೊತ್ತು ಚುರುಮುರಿಯಲ್ಲಿ ಕಡಲೆಬೀಜ ಹುಡುಕುತ್ತಿದ್ದವಳು, ಲೆಕ್ಕ ಹಾಕಿದವಳಂತೆ ತಲೆಯೆತ್ತುತ್ತಾಳೆ. ಆರೂಮುಕ್ಕಾಲಕ್ಕೆ ಒಂದು ಬಸ್ಸಿದೆ, ಅಷ್ಟು ಬೇಗ ಅವನು ಬರುವುದಿಲ್ಲ. ಒಂದು ಗಂಟೆ ಮುಂಚೆ ಕಾಲೇಜು ಮುಟ್ಟಿ ಗೇಟಿನ ಹತ್ತಿರ ಕೂತರಾಯಿತು. ದನದ ಕೊಟ್ಟಿಗೆ, ಅಡುಗೆ ಮುಗಿಸಲು ನಾಲ್ಕೂವರೆಗೆ ಏಳಬೇಕಾಗುತ್ತದೆ, ಏಳುವುದು. ಇಬ್ಬರೂ ಒಪ್ಪುತ್ತಾರೆ.

“ಅಷ್ಟೊತ್ಗೇ ಯಾಕೆ ಅಂತ ಅವ್ವ ಕೇಳುದ್ರೆ?”

“ಸ್ಪೆಷಲ್ ಕ್ಲಾಸ್ ಅನ್ನು.”