ಇಬ್ಬರ ಮನೆಯ ಉರಿಯ ಲೆಕ್ಕ

ಮಳೆ ಹಾಳಾಯಿತು, ಸೆಕೆ ಹೆಚ್ಚಿತು ಎಂಬ ಮಾತು ಬಂದಾಗಲೆಲ್ಲ ಕೊನೆಗೆ ಯಾರಾದರೊಬ್ಬರು "ಜನ ಹೆಚ್ಚಾದ್ರು, ಮತ್ತೇನು!" ಎಂದು ಮುಗಿಸಿಬಿಡುತ್ತಾರೆ. ಮದುವೆಮನೆಯ ಪಂಕ್ತಿಯಲ್ಲೂ ಅದೇ, ಬಸ್‌ಸ್ಟ್ಯಾಂಡಿನಲ್ಲೂ ಅದೇ. 2022ರ ನವೆಂಬರಿನಲ್ಲಿ ಪ್ರಪಂಚದ ಜನಸಂಖ್ಯೆ 800 ಕೋಟಿ ಮುಟ್ಟಿತು, ಮರುವರ್ಷ ನಮ್ಮ ದೇಶ ಚೀನವನ್ನೂ ಹಿಂದೆ ಹಾಕಿತು ಎಂದು ಪೇಪರಿನಲ್ಲಿ ಬಂದ ಮೇಲಂತೂ ಆ ಮಾತಿಗೆ ಬಲ ಬಂದಿದೆ. ನನಗೆ ಮಾತ್ರ ಅದು ಪೂರಾ ಒಪ್ಪಿಗೆಯಿಲ್ಲ. ನಮ್ಮ ಶಿರಸಿ, ಸಿದ್ದಾಪುರ, ಯಲ್ಲಾಪುರದ ಹಳ್ಳಿಮನೆಗಳಲ್ಲಿ ನಡೆದದ್ದು ತಿರುಗುಮುರುಗು. ಜನ ಕಡಿಮೆಯಾದರು, ಖರ್ಚು ಮಾಡುವ ಶಕ್ತಿ ಹೆಚ್ಚಾಯಿತು.

ಸಿದ್ದಾಪುರದ ಕಡೆಯಿಂದ ನಾನು ಶಿರಸಿ ತಾಲೂಕಿನ ಈ ಮನೆಗೆ ಸೊಸೆಯಾಗಿ ಬಂದದ್ದು 1982ರಲ್ಲಿ. ಆಗ ಊಟಕ್ಕೆ ಹದಿನಾರು ಜನ, ಬಂದು ಹೋಗುವವರು ಬೇರೆ. ಕರೆಂಟು ಎಂದರೆ ಐದು ಬಲ್ಬು, ಮಳೆಗಾಲದಲ್ಲಿ ಅವೂ ಹೆಸರಿಗೆ. ಈಗ ಇರುವುದು ನಾವಿಬ್ಬರೇ. ಇಬ್ಬರಿಗೆ ಫ್ರಿಜ್ಜು, ಮಿಕ್ಸಿ, ಬಟ್ಟೆ ಒಗೆಯುವ ಮೆಷಿನ್ನು, ಟಿ.ವಿ., ಪಂಪು, ಇನ್ವರ್ಟರು, ಅಂಗಳದಲ್ಲೊಂದು ಕಾರು. ಬೇಡ ಎನ್ನುತ್ತಿಲ್ಲ, ಮತ್ತೆ! ಹದಿನಾರು ಜನರ ಬಟ್ಟೆಯನ್ನು ಕಲ್ಲಿಗೆ ಬಡಿದ ಕೈ ಇದು. ಮೆಷಿನ್ನು ಬಂದ ದಿನ ಅದಕ್ಕೆ ಅರಿಶಿನ ಕುಂಕುಮ ಹಚ್ಚಿದವಳೇ ನಾನು.

ಹಳೇ ಕಾಲವೇ ಚೆಂದ ಎಂದು ಹಾಡುವವಳೂ ನಾನಲ್ಲ. ಬಚ್ಚಲ ಒಲೆ ಬೆಳಗಿನಿಂದ ರಾತ್ರಿವರೆಗೆ ಆರುತ್ತಿರಲಿಲ್ಲ. ಅಡಕೆ ಬೇಯಿಸುವ ದಿನಗಳಲ್ಲಿ ಕಟ್ಟಿಗೆಗೆ ಲೆಕ್ಕವೇ ಇಲ್ಲ. ಉರಿದದ್ದರಲ್ಲಿ ಪಾತ್ರೆಗೆ ತಾಗಿದ್ದು ಸ್ವಲ್ಪ, ಗೋಡೆಗೂ ಮಾಡಿಗೂ ನಮ್ಮ ಎದೆಗೂ ಹೋದದ್ದೇ ಹೆಚ್ಚು. ಆಷಾಢದ ಹಸಿ ಕಟ್ಟಿಗೆ ಊದಿ ಊದಿ ನಮ್ಮತ್ತೆ ಕೆಮ್ಮುತ್ತಿದ್ದ ಸದ್ದು ಈಗಲೂ ಕಿವಿಯಲ್ಲಿದೆ. ಬೆಂಗಳೂರಿನ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ 'ಅಸ್ತ್ರ' ಕೇಂದ್ರದವರು ಹೊಗೆಕೊಳವೆಯ ಒಲೆ ಮಾಡಿಕೊಟ್ಟರಲ್ಲ, ಅದು ನಮ್ಮಡುಗೆಮನೆಗೆ ಬಂದಾಗ ಅತ್ತೆ, "ಇಪ್ಪತ್ತು ವರ್ಷ ಮೊದಲೇ ಬರಬಾರದಿತ್ತಾ?" ಎಂದಿದ್ದರು.

ಅದಾದ ಮೇಲೆ ಬಂದದ್ದು ಗೋಬರ್ ಗ್ಯಾಸ್. ಶಿರಸಿ ಸೀಮೆಯಷ್ಟು ಗೋಬರ್ ಗ್ಯಾಸನ್ನು ಕಟ್ಟಿಸಿ, ಕೆಡದಂತೆ ನಡೆಸಿಕೊಂಡು ಬಂದ ಊರುಗಳು ಕಡಿಮೆ ಎಂದು ವಿಜ್ಞಾನಿಗಳೇ ಬರೆದಿದ್ದಾರೆ. ಸಗಣಿಗೆ ಅಷ್ಟೇ ನೀರು ಕದಡಿ ತೊಟ್ಟಿಗೆ ಬಿಟ್ಟರಾಯಿತು. ಗಾಳಿಯಾಡದ ಕಡೆ ಅದು ಕೊಳೆತು ಮೀಥೇನ್ ಅನಿಲ ಹುಟ್ಟುತ್ತದೆ, ನೀಲಿ ಉರಿ, ಮಸಿಯಿಲ್ಲ. ಹೊರಬಂದ ಬಗ್ಗಡ ದರಕಿನ ಜೊತೆ ಗೊಬ್ಬರವಾಗಿ ತೋಟಕ್ಕೆ. ಅದೇ ಮೀಥೇನ್ ಸುಡದೆ ಆಕಾಶಕ್ಕೆ ಹೋದರೆ ಇಂಗಾಲದ ಹೊಗೆಗಿಂತ ಇಪ್ಪತ್ತೈದು ಪಟ್ಟಿಗೂ ಮೇಲೆ ಭೂಮಿಯನ್ನು ಬಿಸಿ ಮಾಡುತ್ತದಂತೆ. ಹಾಗಾಗಿ ಪೈಪು ಸೋರದ ಹಾಗೆ ನೋಡಿಕೊಳ್ಳುವುದೂ ಒಂದು ಕೆಲಸವೇ.

ಇನ್ನು ಕರೆಂಟಿನ ವಿಷಯ. ಸ್ವಿಚ್ಚು ಒತ್ತಿದರೆ ಬರುವುದು ಗೋಡೆಯೊಳಗಿನಿಂದ ಅಲ್ಲ ಎಂಬುದು ನಮ್ಮ ಜಿಲ್ಲೆಯ ಹೆಂಗಸರಿಗೆ ಯಾರೂ ಕಲಿಸಬೇಕಾಗಿಲ್ಲ. ಕಾಳಿಗೆ ಅಣೆಕಟ್ಟು ಕಟ್ಟಿದಾಗ ಸೂಪಾ ಎಂಬ ಊರೇ ಮುಳುಗಿತು. ಯಲ್ಲಾಪುರದ ಬೇಡ್ತಿ ಹೊಳೆಗೂ ಯೋಜನೆ ಬಂದಿತ್ತು. 1981ರ ಜನವರಿಯಲ್ಲಿ ತೋಟಗಾರರು ಶಿರಸಿಗೆ ವಿಜ್ಞಾನಿಗಳನ್ನು ಕರೆಸಿ, ಬರುವ ವಿದ್ಯುತ್ತೆಷ್ಟು, ಹೋಗುವ ಕಾಡು ತೋಟವೆಷ್ಟು ಎಂದು ಲೆಕ್ಕ ಹಾಕಿಸಿದರು. ಯೋಜನೆ ಬದಿಗೆ ಸರಿಯಿತು. ನಾನು ಬಂದ ಮರುವರ್ಷ, 1983ರ ಸೆಪ್ಟೆಂಬರ್ 8ರಂದು ಸಾಲ್ಕಣಿಯ ಜನ ಕಾಡಿಗೆ ಹೋಗಿ, ಕಡಿಯಲು ಗುರುತು ಹಾಕಿದ ಮರಗಳನ್ನು ಅಪ್ಪಿಕೊಂಡು ನಿಂತರು. ಆ ಮರಗಳನ್ನು ಕಡಿಯಹೊರಟದ್ದು ನಮ್ಮ ಹದಿನಾರು ಜನರ ಒಲೆಗಾಗಿ ಅಲ್ಲ ಎಂಬುದನ್ನು ಮಾತ್ರ ನೆನಪಿಡಿ.

ಮಗಳು ಅಮೆರಿಕದಲ್ಲಿದ್ದಾಳೆ. ಅಲ್ಲಿ ಒಬ್ಬರ ಪಾಲಿಗೆ ವರ್ಷಕ್ಕೆ ಸುಮಾರು 14 ಟನ್ ಇಂಗಾಲದ ಹೊಗೆ, ನಮ್ಮ ದೇಶದಲ್ಲಿ ಸುಮಾರು 2 ಟನ್. ಅವಳ ಮನೆಯಲ್ಲಿ ಮೂರೇ ಜನ. ಲೆಕ್ಕ ಹಾಕಿ ನೋಡಿ, ಇಲ್ಲಿಯ ಇಪ್ಪತ್ತು ಜನರ ಪಾಲನ್ನೂ ಮೀರುತ್ತದೆ. ಫೋನಿನಲ್ಲಿ ಹೇಳಿದರೆ, "ಆಯಿ, ಇಲ್ಲಿ ಹೀಟರ್ ಹಾಕದಿದ್ದರೆ ಸತ್ತೇ ಹೋಗ್ತೀವಿ" ಅನ್ನುತ್ತಾಳೆ. ಅದೂ ಸುಳ್ಳಲ್ಲ. ಆದರೆ ತಲೆ ಎಣಿಸಿದರೆ ಸಾಲದು, ಒಂದೊಂದು ತಲೆಯ ಹಿಂದೆ ಎಷ್ಟು ಉರಿಯುತ್ತದೆ ಎಂದೂ ಎಣಿಸಬೇಕಲ್ಲವೆ? ನಮ್ಮ ರಾಜ್ಯದಲ್ಲಿ ಈಗ ಒಂದು ತಾಯಿಗೆ ಸರಾಸರಿ ಎರಡು ಮಕ್ಕಳೂ ಇಲ್ಲ.

ಆಕಾಶಕ್ಕೆ ಮಾತ್ರ ಯಾರ ಮನೆಯ ಹೊಗೆ ಎಂಬ ಭೇದವಿಲ್ಲ. 2021ರ ಜುಲೈನಲ್ಲಿ ಯಲ್ಲಾಪುರ ತಾಲೂಕಿನ ಕಳಚೆಯಲ್ಲಿ ಗುಡ್ಡವೇ ಜಾರಿ ತೋಟಗಳ ಮೇಲೆ ಬಂತು. ಯಲ್ಲಾಪುರದಲ್ಲಿರುವ ನಾದಿನಿ ಆ ವಾರವಿಡೀ ನಿದ್ದೆ ಮಾಡಲಿಲ್ಲ. ಗುಡ್ಡ ಒಂದೇ ಕಾರಣಕ್ಕೆ ಕುಸಿಯುವುದಿಲ್ಲ ನಿಜ, ಆದರೆ ಬಿಸಿಯಾದ ಗಾಳಿ ಹೆಚ್ಚು ನೀರು ಹೊತ್ತು ಒಮ್ಮೆಲೇ ಸುರಿಸುತ್ತದೆ. ಎರಡೇ ವರ್ಷಕ್ಕೆ, 2023ರ ಆಗಸ್ಟಿನಲ್ಲಿ, ಮಳೆಯೇ ಇಲ್ಲ! ಅಡಕೆಗೆ ಕೊಳೆ ರೋಗ ಮೊದಲೂ ಇತ್ತು, ಈಗ ಎಲೆಚುಕ್ಕಿ ರೋಗವೂ ಸೇರಿದೆ. ಅಂಗಳದಲ್ಲಿ ಅಡಕೆ ಹರವಿದ ಮೇಲೂ ಮೋಡ ನೋಡುವುದು ತಪ್ಪಲಿಲ್ಲ.

ಇಷ್ಟೆಲ್ಲ ತಲೆಗೆ ಬಂದದ್ದು ಯಾಕೆಂದರೆ, ಈಗ ನಮ್ಮನೆಯಲ್ಲಿ ನಡೆಯುತ್ತಿರುವುದು ದನ ಮಾರುವ ಚರ್ಚೆ. ನಮ್ಮನೆಯವರಿಗೆ ಮಂಡಿನೋವು, ಕೊಟ್ಟಿಗೆ ಕೆಲಸಕ್ಕೆ ಜನ ಸಿಗುವುದಿಲ್ಲ. ಬೆಂಗಳೂರಿನಿಂದ ಮಗ, "ಆಯಿ, ಇಬ್ಬರಿಗೆ ಎರಡು ದನ ಎಂತಕ್ಕೆ? ಇನ್ನೊಂದು ಸಿಲಿಂಡರ್ ತಗಳಿ. ದನದ ತೇಗಿನಲ್ಲೂ ಮೀಥೇನೇ ಇರೋದು, ಗೊತ್ತಾ?" ಎನ್ನುತ್ತಾನೆ. ಓದಿಸಿದ್ದಕ್ಕೆ ಇದು ಫಲ! ತೇಗನ್ನು ನಾನು ತಡೆಯಲಾರೆ, ಸಗಣಿಯದನ್ನು ಹಿಡಿದಿದ್ದೇನಲ್ಲ ಎಂದೆ. ಎರಡು ದನ, ಒಂದು ಕರುವಿನ ಸಗಣಿಯಲ್ಲಿ ಬೆಳಗಿನ ದೋಸೆ, ಮಧ್ಯಾಹ್ನದ ಅನ್ನ ಸಾರು ಆಗುತ್ತದೆ, ನೆಂಟರು ಬಂದರೆ ಸಿಲಿಂಡರು. ದನ ಹೋದರೆ ಗ್ಯಾಸಷ್ಟೇ ಅಲ್ಲ, ಗೊಬ್ಬರವೂ ಹೋಯಿತು. ಗೊಬ್ಬರದ ಚೀಲವೂ ಸಿಲಿಂಡರೂ ಎಲ್ಲಿಂದಲೋ ಹಡಗು ಲಾರಿ ಹತ್ತಿ ಬರಬೇಕು.

ಸದ್ಯಕ್ಕೆ ಗೌರಿ ಗಬ್ಬದಲ್ಲಿದೆ, ದೀಪಾವಳಿ ಹೊತ್ತಿಗೆ ಕರು ಹಾಕಬೇಕು. ಅಲ್ಲಿವರೆಗೆ ಮಾರುವ ಮಾತಿಲ್ಲ ಎಂದು ನಮ್ಮನೆಯವರೂ ಒಪ್ಪಿದ್ದಾರೆ. ಪಕ್ಕದ ಮನೆಯ ಹುಡುಗಿಗೆ ಹಾಲು ಬೇಕು, ಸಗಣಿ ಬಾಚಲು ದಿನ ಬಿಟ್ಟು ದಿನ ಬರುತ್ತೇನೆ ಎಂದಿದ್ದಾಳೆ. ಮಗ ಬಚ್ಚಲಿಗೆ ಸೋಲಾರ್ ಕೂರಿಸಲು ದುಡ್ಡು ಕಳಿಸುತ್ತಾನಂತೆ. ಶಿರಸಿ ಮಳೆಗಾಲದ ನಾಲ್ಕು ತಿಂಗಳು ಅದರಲ್ಲಿ ನೀರು ಕಾಯುವುದು ಹೇಗೆ ಎಂದು ಕೇಳಿದ್ದೇನೆ. ಉತ್ತರ ಇನ್ನೂ ಬಂದಿಲ್ಲ.