ಅರಾಜಿಗೆ ಬೇಕಿದ್ದದ್ದು ಬಿಡುವು

1991ರ ನವೆಂಬರ್, ಅಮೆರಿಕದ ಚರ್ಚಿಲ್ ಡೌನ್ಸ್. ಬ್ರೀಡರ್ಸ್ ಕಪ್ ಜುವೆನೈಲ್ ರೇಸಿನ ಆರಂಭದಲ್ಲಿ ಎರಡು ವರ್ಷದ ಕುದುರೆ ಅರಾಜಿ ಬಹಳ ಹಿಂದಿತ್ತು. ತಿರುವಿಗೆ ಬರುವಷ್ಟರಲ್ಲಿ ಒಂದೊಂದೇ ಕುದುರೆಯನ್ನು ಹಿಂದಿಕ್ಕಿ, ಸುಮಾರು ಐದು ಲೆಂತ್ (ಕುದುರೆಯುದ್ದ) ಅಂತರದಿಂದ ಗೆದ್ದಿತು.

ಆಮೇಲೆ ಎರಡೂ ಮಂಡಿಗಳಿಗೆ ಶಸ್ತ್ರಚಿಕಿತ್ಸೆ. ಫ್ರಾನ್ಸಿನ ತರಬೇತುದಾರ ಫ್ರಾಂಸ್ವಾ ಬೂತಾಂ ಅವರಿಗೆ ಅದು ಒಪ್ಪಿಗೆಯಿರಲಿಲ್ಲ. ಆದರೆ ಮಾಲೀಕ ಅಲೆನ್ ಪಾಲ್ಸನ್ ಕಣ್ಣು ಮುಂದಿನ ಮೇ ತಿಂಗಳ ಕೆಂಟಕಿ ಡರ್ಬಿಯ ಮೇಲೆ. ಅರ್ಧ ಪಾಲು ಕೊಂಡಿದ್ದ ದುಬೈನ ಶೇಖ್ ಮೊಹಮ್ಮದ್‌ಗೆ ಇಂಗ್ಲೆಂಡಿನ ಎಪ್ಸಂ ಡರ್ಬಿ ಬೇಕಿತ್ತು.

ಕುದುರೆಯ ಹದ ಗೊತ್ತಾಗುವುದು ದಿನವೂ ಅದರ ಕಾಲು ಸವರಿ ನೋಡುವವರಿಗೆ. ಚೇತರಿಸಿಕೊಂಡ ಅರಾಜಿಗೆ ಕೆಂಟಕಿ ಡರ್ಬಿಗೆ ಮುನ್ನ ಸಿಕ್ಕಿದ್ದು 1,600 ಮೀಟರಿನ ಒಂದೇ ಒಂದು ರೇಸು. ಡರ್ಬಿಯ ದೂರ ಸುಮಾರು 2,000 ಮೀಟರ್. ಅಲ್ಲಿಯೂ ತಿರುವಿನಲ್ಲಿ ಹಳೆಯ ಮಿಂಚು ಕಂಡಿತು. ನೇರ ಹಾದಿಗೆ ಬರುತ್ತಲೇ ಕಸುವು ಉಡುಗಿತು.

ಎಂಟನೇ ಸ್ಥಾನ. ಅಂಥ ಪ್ರತಿಭೆಗೆ ಆದ ಅನ್ಯಾಯವಿದು.

ಇದಕ್ಕೆ ತದ್ವಿರುದ್ಧ ಅಮೆರಿಕದ ತರಬೇತುದಾರ ಚಾರ್ಲಿ ವಿಟಿಂಗ್‌ಹ್ಯಾಮ್. 1960ರ ನಂತರ, ಗೆಲ್ಲಬಲ್ಲ ಕುದುರೆ ಸಿಗುವವರೆಗೆ ಅವರು ಕೆಂಟಕಿ ಡರ್ಬಿಯತ್ತ ಸುಳಿಯಲೇ ಇಲ್ಲ. 1986ರಲ್ಲಿ, 73ನೇ ವಯಸ್ಸಿನಲ್ಲಿ, ಫರ್ಡಿನೆಂಡ್‌ನೊಂದಿಗೆ ಬಂದು ಗೆದ್ದರು. 1989ರಲ್ಲಿ ಸಂಡೇ ಸೈಲೆನ್ಸ್‌ನೊಂದಿಗೆ ಮತ್ತೆ ಗೆದ್ದರು.